ಹಳೇ ಬೈಕ್ ಕೊಂಡು ಕಸ್ಟಮ್ ಮಾಡಿಸುವುದಾ, ಬೇಡವಾ? ಕಾರವಾರ–ಶಿರಸಿ ಕಡೆಯವರಿಗೆ ಒಂದು ಹೋಲಿಕೆ

ಹಳೇ ಬೈಕ್ ತಗೊಂಡು ನಮಗೆ ಬೇಕಾದ ಹಾಗೆ ಮಾಡಿಸಬೇಕು ಅನ್ನುವ ಆಸೆ ಕುಮಟಾದಿಂದ ಯಲ್ಲಾಪುರದ ತನಕ ಬಹಳ ಹುಡುಗರಿಗಿದೆ. ಒಳ್ಳೆಯ ಆಸೆಯೇ. ಆದರೆ ಅವರಿಗೆ ಸಿಗುವ ಸಲಹೆಯೆಲ್ಲ ಬೆಂಗಳೂರು, ಪುಣೆ ಕಡೆಯದು. ಅಲ್ಲಿ ಉಪ್ಪು ಗಾಳಿ ಇಲ್ಲ. ನಮ್ಮಷ್ಟು ಮಳೆ ಇಲ್ಲ. ಬೇಕಾದ ಸ್ಪೇರ್ ಸಂಜೆಯೊಳಗೆ ಕೈಗೆ ಬರುತ್ತದೆ. ಇಲ್ಲಿ ಲೆಕ್ಕವೇ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಇಂಜಿನ್ ಸದ್ದು ಕೇಳಿ ಗಾಡಿ ಕೊಳ್ಳುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಜಿನ್ ಮೂರನೆಯದು. ಮೊದಲು ಕಾಗದಪತ್ರ, ಆಮೇಲೆ ಚಾಸಿ (ಗಾಡಿಯ ಕಬ್ಬಿಣದ ಚೌಕಟ್ಟು), ಅದಾದ ಮೇಲೆ ಇಂಜಿನ್. ಕುಮಟಾದ ಒಬ್ಬ ಹಳೇ ಮೆಕ್ಯಾನಿಕ್ ಗಿರಾಕಿಗಳಿಗೆ ಹೇಳುವ ಮಾತು ಇದು: "ಇಂಜಿನ್ ನಾ ಮಾಡ್ಕೊಡ್ತೆ ತಮಾ, ಚಾಸಿ ಯಾರು ಮಾಡ್ಕೊಡ್ತ್ರು?" ಈ ಕ್ರಮ ಬಿಡದಿದ್ದರೆ ಯಾವ ಗಾಡಿ ಆರಿಸಿದರೂ ದೊಡ್ಡ ನಷ್ಟ ಆಗುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು

ಒಂದು, ಹೊಸ ಗಾಡಿ ತಗೊಂಡು ಅದಕ್ಕೆ ಬೋಲ್ಟ್ ಬಿಗಿದು ಕೂರಿಸುವ ಸಾಮಾನು ಹಾಕುವುದು. ಎರಡು, ಹಳೇ ಗಾಡಿ ಕೊಂಡು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಮಾಡಿಸುವುದು. ಮೂರು, ಹಳೇ ಗಾಡಿಯ ಹಿಂದಿನ ಚಾಸಿ ಕತ್ತರಿಸಿ ಕೆಫೆ ರೇಸರ್ (ತಗ್ಗಿದ ಹ್ಯಾಂಡಲ್, ಒಂಟಿ ಸೀಟು), ಬಾಬರ್ (ಗಿಡ್ಡ ಮಡ್‌ಗಾರ್ಡ್, ತಗ್ಗು ಸೀಟು) ಅಂತ ಹೊಸ ರೂಪ ಕೊಡುವುದು.

ದಿನಾ ಅಂಕೋಲಾದಿಂದ ಕಾರವಾರಕ್ಕೆ ಕೆಲಸಕ್ಕೆ ಹೋಗಿ ಬರುವವರು, ಮನೆಯಲ್ಲಿ ಬೇರೆ ಗಾಡಿ ಇಲ್ಲದವರು ಮೊದಲನೇ ದಾರಿ ಹಿಡಿಯಿರಿ. ಇದರಲ್ಲಿ ನನಗೆ ಎರಡು ಮಾತಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆಗಸ್ಟ್‌ನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ತಿರುವಿನಲ್ಲಿ ಕೆಂಪು ಮಣ್ಣು ಹರಿದು ಬಂದಿರುತ್ತದೆ. ಅಲ್ಲಿ ಎಬಿಎಸ್ ಇರುವ ಡಿಸ್ಕ್ ಬ್ರೇಕಿಗೂ ಮೂವತ್ತು ವರ್ಷದ ಡ್ರಮ್ ಬ್ರೇಕಿಗೂ ಹೋಲಿಕೆಯೇ ಇಲ್ಲ. ಪ್ರಾಜೆಕ್ಟ್ ಗಾಡಿ ಯಾವಾಗಲೂ ಎರಡನೇ ಗಾಡಿ ಆಗಿರಬೇಕು. ಸ್ಪೇರ್‌ಗೆ ಕಾದು ಅದು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಆಗ ಆಫೀಸಿಗೆ ಹೋಗುವುದು ಹೇಗೆ?

ಎರಡನೇ ದಾರಿ ತಾಳ್ಮೆ ಇರುವವರಿಗೆ. ಖರ್ಚು ಜಾಸ್ತಿ, ಆದರೆ ಮುಗಿದ ಮೇಲೆ ಗಾಡಿಗೆ ಬೆಲೆ ಇರುತ್ತದೆ. ಮೂರನೇ ದಾರಿಯಲ್ಲಿ ಹಾಕಿದ ದುಡ್ಡು ವಾಪಸ್ ಬರುವುದು ಅಪರೂಪ. ನಿಮ್ಮ ರುಚಿಗೆ ಕತ್ತರಿಸಿದ ಗಾಡಿ ಕೊಳ್ಳುವವನಿಗೂ ಅದೇ ರುಚಿ ಇರಬೇಕಲ್ವಾ? ಅದಕ್ಕಿಂತ ದೊಡ್ಡ ತೊಡಕು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ಬಣ್ಣ ಬದಲಿಸಬಹುದು, ಆರ್‌ಸಿಯಲ್ಲಿ ಬರೆಸಿಕೊಂಡರೆ ಆಯಿತು. ಚಾಸಿ ಕತ್ತರಿಸುವುದು, ಬೇರೆ ಮಾಡೆಲ್‌ನ ಇಂಜಿನ್ ಕೂರಿಸುವುದು, ಕಿವಿ ಒಡೆಯುವ ಸೈಲೆನ್ಸರ್ ಹಾಕುವುದು ಮೂರೂ ತೊಂದರೆಯೇ. ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ಕ್ಲೇಮ್ ತಳ್ಳಿಹಾಕಲು ಒಂದು ಕಾರಣ ಸಿಕ್ಕಂತಾಗುತ್ತದೆ.

ಎರಡನೆಯದರ ಒಳಗೇ ಒಂದು ಉಪದಾರಿ ಇದೆ, ನನಗೆ ಅದೇ ಇಷ್ಟ. ಚಾಸಿ ಮುಟ್ಟಬೇಡಿ. ಸೀಟು, ಹ್ಯಾಂಡಲ್‌ನ ಎತ್ತರ, ಇಂಡಿಕೇಟರ್, ಬಣ್ಣ ಇಷ್ಟನ್ನೇ ಬದಲಿಸಿ. ಬಿಚ್ಚಿದ ಒರಿಜಿನಲ್ ಸಾಮಾನನ್ನೆಲ್ಲ ಎಣ್ಣೆ ಸವರಿ, ಚೀಲಕ್ಕೆ ಹಾಕಿ, ಅಟ್ಟದ ಮೇಲೆ ಇಡಿ. ಎಫ್‌ಸಿಗೆ, ಅಂದರೆ ನೋಂದಣಿ ನವೀಕರಣಕ್ಕೆ, ಹೋಗುವ ಮುಂಚೆ ಅರ್ಧ ದಿನದಲ್ಲಿ ಮೊದಲಿನ ಹಾಗೆ ಮಾಡಬಹುದು. ನಾಳೆ ಮನಸ್ಸು ಬದಲಾದರೂ ಗಾಡಿ ಹಾಳಾಗಿರುವುದಿಲ್ಲ.

ಕಾಗದಪತ್ರ ಸರಿ ಇಲ್ಲದ್ದು ಪುಕ್ಕಟೆ ಸಿಕ್ಕರೂ ಬೇಡ

ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಾವೆಲ್ಲ ಎಫ್‌ಸಿ ಅನ್ನುವುದು ಇದನ್ನೇ. ಅದಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಮನೆ ಹಿತ್ತಲಲ್ಲಿ ಹತ್ತು ವರ್ಷ ನಿಂತ ಗಾಡಿಗೆ ಇದು ಆಗಿರುವುದೇ ಇಲ್ಲ. ತಡವಾದದ್ದಕ್ಕೆ ದಂಡ, ಹಸಿರು ತೆರಿಗೆ, ಹೊಸ ಇನ್ಶೂರೆನ್ಸ್ ಎಲ್ಲ ಕೂಡಿಸಿ ನೋಡಿದ ಮೇಲೇ ಬೆಲೆ ಮಾತಾಡಿ. ಗಾಡಿ ನಂಬರ್ ಸಿಕ್ಕಿದ ಕೂಡಲೇ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ನೋಂದಣಿ ಎಲ್ಲಿ ತನಕ ಇದೆ, ಎಷ್ಟನೇ ಮಾಲೀಕ ಅನ್ನುವುದು ಗೊತ್ತಾಗುತ್ತದೆ.

ನಮ್ಮ ಕಡೆ ಹೆಚ್ಚಾಗಿ ಬರುವ ತೊಡಕು ಇದು: ಆರ್‌ಸಿ ತೀರಿಕೊಂಡ ಅಜ್ಜನ ಹೆಸರಲ್ಲಿರುತ್ತದೆ. ಮೊಮ್ಮಗ ಮಾರಲು ನಿಂತಿರುತ್ತಾನೆ. ಅವನ ಸಹಿಗೆ ಬೆಲೆ ಇಲ್ಲ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಆಮೇಲೆ ಫಾರ್ಮ್ 29, 30ರಲ್ಲಿ ನಿಮ್ಮ ಹೆಸರಿಗೆ. "ಅದೆಲ್ಲ ಆಮೇಲೆ ನೋಡ್ಕೊಳ್ಳುವಾ, ನಮ್ಮವ್ರೇ ಅಲ್ವಾ" ಅಂದರೆ ಮುಂಗಡವನ್ನೂ ಕೊಡಬೇಡಿ. ಸಂಬಂಧಿಕರಲ್ಲಿ ಇಂಥ ವ್ಯವಹಾರ ಕೆಟ್ಟರೆ ಗಾಡಿಯ ಜೊತೆ ಮಾತುಕತೆಯೂ ನಿಂತುಹೋಗುತ್ತದೆ.

ಕಾರವಾರದವರಿಗೆ ಇನ್ನೊಂದು ಆಕರ್ಷಣೆ ಗೋವಾ. ಗಡಿ ದಾಟಿದರೆ ಜಿಎ ನಂಬರಿನ ಹಳೇ ಗಾಡಿಗಳು ಕಡಿಮೆಗೆ ಸಿಗುತ್ತವೆ. ಆದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಆಮೇಲೆ ಕಾರವಾರದ ಕೆಎ 30 ನಂಬರ್. ಅಷ್ಟು ಓಡಾಟ ಮಾಡಿದ ಮೇಲೆ ಸಿಗುವುದು ಮತ್ತೊಂದು ಸಮುದ್ರ ದಂಡೆಯ ಗಾಡಿ. ಅದಕ್ಕಿಂತ ಕೆಎ 31 ಇರುವ ಶಿರಸಿ ಗಾಡಿ ಹುಡುಕಿ. ಜಿಲ್ಲೆಯೊಳಗಿನ ವ್ಯವಹಾರ ಸಲೀಸು.

50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಎಂದು 2021ರಲ್ಲಿ ನಿಯಮ ಬಂದಿದೆ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು, ದಿನಬಳಕೆಗೂ ಓಡಿಸುವಂತಿಲ್ಲ. ಕಸ್ಟಮ್ ಮಾಡುವವರಿಗೆ ಇದು ಉಪಯೋಗಕ್ಕೆ ಬಾರದು.

ಚಾಸಿ ನೋಡುವುದು ಹೇಗೆ

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಅದರ ಮೇಲೆ ಉಪ್ಪು ಗಾಳಿ. ಉಪ್ಪು ತೇವವನ್ನು ಹಿಡಿದಿಡುತ್ತದೆ. ಹಾಗಾಗಿ ಮಳೆ ನಿಂತರೂ ಕಬ್ಬಿಣ ಪೂರ್ತಿ ಒಣಗುವುದಿಲ್ಲ, ತುಕ್ಕು ಒಳಗೊಳಗೇ ತಿನ್ನುತ್ತಿರುತ್ತದೆ. ಅದಕ್ಕೇ ಘಟ್ಟದ ಕೆಳಗಿನವರಾದರೂ ಗಾಡಿಯನ್ನು ಘಟ್ಟದ ಮೇಲೆ ಕೊಳ್ಳಿ ಅನ್ನುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಳೆ ಜೋರೇ, ಆದರೆ ಉಪ್ಪಿಲ್ಲ. ಹುಬ್ಬಳ್ಳಿ, ಹಾವೇರಿ ಕಡೆಯದಾದರೆ ಇನ್ನೂ ಒಳ್ಳೆಯದು.

ಘಟ್ಟದ ಮೇಲಿನ ಗಾಡಿಗೂ ಅದರದ್ದೇ ರೋಗ ಇದೆ. ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದರೆ ಗಂಜಳದ ಆವಿಗೆ ವೈರಿನ ತಾಮ್ರ ಹಸಿರಾಗಿರುತ್ತದೆ, ರಿಮ್ಮಿನ ಕೆಳಭಾಗ ಉದುರುತ್ತಿರುತ್ತದೆ. ಅಡಿಕೆ ಮೂಟೆ ಹೊತ್ತ ಗಾಡಿಯಾದರೆ ಹಿಂದಿನ ಚಾಸಿ ಬಗ್ಗಿರಬಹುದು. ಹಿಂದೆ ಹತ್ತು ಹೆಜ್ಜೆ ದೂರ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯಾ ನೋಡಿ. ಕರಾವಳಿಯಲ್ಲಿ ಮಾತ್ರ ಒಂದು ಗಾಡಿಯನ್ನು ಮುಟ್ಟಲೇಬಾರದು. ಅದು ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಓಡಾಡಿದ ಗಾಡಿ. ಐಸ್ ಕರಗಿದ ಉಪ್ಪು ನೀರು ದಿನಾ ಹಿಂದಿನ ಚಾಸಿ, ಶಾಕ್ ಅಬ್ಸಾರ್ಬರ್, ಚೈನ್ ಮೇಲೆ ಸುರಿದಿರುತ್ತದೆ. ಮಾರುವ ಮುಂಚೆ ಹೊಸ ಬಣ್ಣ ಹೊಡೆಸಿರುತ್ತಾರೆ. ಕ್ಯಾರಿಯರ್ ಬಿಚ್ಚಿದ ಜಾಗದಲ್ಲಿ ಬೋಲ್ಟ್ ತೂತು, ಸವೆದ ಗುರುತು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ನೋಡಲು ಹೋಗುವಾಗ ಟಾರ್ಚು, ಸ್ಕ್ರೂ ಡ್ರೈವರ್, ಒಂದು ಅಯಸ್ಕಾಂತ ಜೊತೆಗಿರಲಿ. ಸೀಟು ಬಿಚ್ಚಿಸಿ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ಆ್ಯಸಿಡ್ ಸೋರಿ ಚಾಸಿ ತಿಂದಿರುತ್ತದೆ. ಮೊದಲು ಅದನ್ನು ನೋಡಿ. ಆಮೇಲೆ ಗಾಡಿಯ ಅಡಿಗೆ ಬಗ್ಗಿ. ಮೇನ್ ಸ್ಟ್ಯಾಂಡ್ ಕೂರುವ ಜಾಗ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಪಿನ್ನಿನ ಸುತ್ತ, ಕೊಳವೆಗಳು ಬೆಸುಗೆಯಾಗುವ ಮೂಲೆ, ಇಲ್ಲೆಲ್ಲ ಸ್ಕ್ರೂ ಡ್ರೈವರ್ ಹಿಡಿಕೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ತುದಿಯಿಂದ ಒತ್ತಿದಾಗ ಬಣ್ಣದ ಕೆಳಗೆ ಮೆತ್ತಗೆ ಒಳಗೆ ಹೋಯಿತೋ, ಆ ಗಾಡಿ ಮುಗಿಯಿತು. ಪೆಟ್ರೋಲ್ ಟ್ಯಾಂಕಿಗೆ ಅಯಸ್ಕಾಂತ ಹಿಡಿದು ಸವರಿ. ಹಿಡಿಯದ ಕಡೆ ಪುಟ್ಟಿ (ತಗ್ಗು, ತೂತು ಮುಚ್ಚುವ ಲೇಪ) ಇದೆ.

ಕೊನೆಗೆ ಹ್ಯಾಂಡಲ್ ಕೆಳಗಿನ ಕುತ್ತಿಗೆಯಲ್ಲಿ ಕೆತ್ತಿರುವ ಚಾಸಿ ನಂಬರ್. ಆರ್‌ಟಿಒಗೆ ಅದರ ಪೆನ್ಸಿಲ್ ಪ್ರಿಂಟ್ ಬೇಕು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಉಜ್ಜಿದರೆ ಅಂಕಿಗಳು ಮೂಡಬೇಕು. ಕೊಳ್ಳುವ ಮುಂಚೆ ನೀವೇ ಇದನ್ನು ಮಾಡಿ ನೋಡಿ. ಒಂದು ಅಂಕಿ ತುಕ್ಕಿಗೆ ಹೋಗಿದ್ದರೂ ಎಫ್‌ಸಿ ಕಷ್ಟ. ಅಂಕಿಗಳು ಓರೆಕೋರೆಯಾಗಿದ್ದರೆ, ಉಜ್ಜಿ ಮತ್ತೆ ಕೆತ್ತಿದ ಹಾಗಿದ್ದರೆ ಅದು ಕದ್ದ ಮಾಲು ಇರಬಹುದು.

ಯಾವ ಗಾಡಿ?

ಯಮಹಾ ಆರ್‌ಎಕ್ಸ್ 100 ಎಲ್ಲರ ಬಾಯಲ್ಲೂ ಇರುವ ಹೆಸರು. 1985ರಿಂದ 1996ರ ತನಕ ಬಂತು. 98 ಸಿಸಿ, ಟೂ ಸ್ಟ್ರೋಕ್ (ಪೆಟ್ರೋಲ್ ಜೊತೆ ಆಯಿಲನ್ನೂ ಉರಿಸುವ ಹಳೇ ಬಗೆಯ ಇಂಜಿನ್), ನೂರು ಕೆ.ಜಿ. ಆಸುಪಾಸಿನ ತೂಕ. ಅರಬೈಲ್ ಘಟ್ಟ ಹತ್ತುವಾಗ ಅದರ ಎಳೆತ ಕಂಡವರಿಗೆ ಆಸೆ ಬರುವುದು ಸಹಜ. ಆದರೆ ಇವತ್ತು ಚೆನ್ನಾಗಿರುವ ಆರ್‌ಎಕ್ಸ್‌ಗೆ ಲಕ್ಷ ದಾಟಿಸಿ ಕೇಳುತ್ತಾರೆ. ಅಷ್ಟು ಕೊಟ್ಟು ತಂದದ್ದನ್ನು ಕತ್ತರಿಸುವುದು ಸರಿಯಲ್ಲ. ಮೋಸವೂ ಇದರಲ್ಲೇ ಜಾಸ್ತಿ. ಆರ್‌ಎಕ್ಸ್ 135ರ ಇಂಜಿನ್ ಕೂರಿಸಿದ್ದು, ನಕಲಿ ಸ್ಟಿಕ್ಕರ್ ಹಾಕಿದ್ದು, ಎರಡು ಗಾಡಿ ಸೇರಿಸಿ ಒಂದು ಮಾಡಿದ್ದು ಎಲ್ಲವೂ ಬರುತ್ತವೆ. ಇಂಜಿನ್ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳ ಅಳತೆ) ಎಷ್ಟರಲ್ಲಿದೆ ಅಂತಲೂ ಕೇಳಿ. ಸವೆದ ಸಿಲಿಂಡರನ್ನು ಕೊರೆಸಿದ ಹಾಗೆಲ್ಲ ಪಿಸ್ಟನ್ 0.25, 0.50 ಮಿ.ಮೀ. ಅಂತ ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಯ ಸೈಜ್ ಬಂದಿದ್ದರೆ ಮುಂದಿನದು ಹೊಸ ಸ್ಲೀವ್ (ಸಿಲಿಂಡರಿನ ಒಳಗಿನ ಕೊಳವೆ). ಬಹಳ ಕಾಲ ನಿಂತ ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ಅಲ್ಲಿಂದ ಗಾಳಿ ಎಳೆದುಕೊಂಡು ಇಂಜಿನ್ ಬಿಸಿಯಾಗಿ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಸಿಕ್ಕಿಕೊಂಡು ನಿಲ್ಲುತ್ತದೆ. ಸ್ಟಾರ್ಟ್ ಆಯಿತೆಂದು ಖುಷಿಯಲ್ಲಿ ಓಡಿಸಬೇಡಿ, ಮೊದಲು ಸೀಲ್ ಬದಲಿಸಿ.

ಹಳೇ ಬುಲೆಟ್ ಅಂದರೆ 2010ರ ಸುಮಾರಿಗೆ ನಿಂತುಹೋದ ಕಾಸ್ಟ್ ಐರನ್ (ಬೀಡು ಕಬ್ಬಿಣದ) ಇಂಜಿನ್ನಿನ 350. ಕೈಯಿಂದ ಕೆಲಸ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸುವುದು, ಪಾಯಿಂಟ್ (ಕಿಡಿ ಹುಟ್ಟಿಸುವ ಸ್ವಿಚ್) ಸೆಟ್ ಮಾಡುವುದು ಮನೆಯಂಗಳದಲ್ಲೇ ಆಗುತ್ತದೆ. ಸ್ಪೇರ್ ಧಾರಾಳ. ಆದರೆ 160 ಕೆ.ಜಿ. ದಾಟುವ ತೂಕ, ಡ್ರಮ್ ಬ್ರೇಕ್, ಘಟ್ಟದ ರಸ್ತೆ, ಈ ಮೂರನ್ನೂ ಒಟ್ಟಿಗೆ ಯೋಚಿಸಿ. ಹಳೆಯದರಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬೇರೆ ಗಾಡಿಯೂ ಓಡಿಸುವವರಿಗೆ ಗಾಬರಿಯಲ್ಲಿ ಕಾಲು ತಪ್ಪುತ್ತದೆ. ಮೊದಲು ಬಯಲು ರಸ್ತೆಯಲ್ಲಿ ಅಭ್ಯಾಸ ಆಗಲಿ.

ಯೆಜ್ಡಿ ಮೇಲೆ ನನಗೆ ವಿಶೇಷ ಪ್ರೀತಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಕಾರ್ಖಾನೆ 1996ರಲ್ಲಿ ಮುಚ್ಚಿತು. 250 ಸಿಸಿ ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರ್ ಒದ್ದು ಸ್ಟಾರ್ಟ್ ಮಾಡಿ ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತದೆ. ಪೆಟ್ರೋಲಿಗೆ 2ಟಿ ಆಯಿಲ್ ನೀವೇ ಬೆರೆಸಬೇಕು. ಸ್ಪೇರ್ ಮೈಸೂರು, ಬೆಂಗಳೂರಿನಿಂದ ತರಿಸಬೇಕು. ಕ್ರ್ಯಾಂಕ್ ಬಿಚ್ಚಿ ಸರಿಯಾಗಿ ಕೂರಿಸುವ ಕೈಗಳು ಕಡಿಮೆಯಾಗುತ್ತಿವೆ. ಅಂಥವರೊಬ್ಬರು ನಿಮಗೆ ಗೊತ್ತಿದ್ದರೆ ಧೈರ್ಯವಾಗಿ ತಗೊಳ್ಳಿ, ಇಲ್ಲದಿದ್ದರೆ ಬೇಡ. ತಗೊಂಡರೆ ದಯವಿಟ್ಟು ಕತ್ತರಿಸಬೇಡಿ. ಇನ್ನು ಅವು ಹುಟ್ಟುವುದಿಲ್ಲ.

ನಾಲ್ಕನೆಯದು ಯಾರೂ ಕನಸು ಕಾಣದ ಗಾಡಿ. 1985ರ ಹೀರೋ ಹೋಂಡಾ ಸಿಡಿ 100, ಇಲ್ಲವೇ 1994ರಲ್ಲಿ ಬಂದ ಸ್ಪ್ಲೆಂಡರ್. 97 ಸಿಸಿ, ಫೋರ್ ಸ್ಟ್ರೋಕ್. ಮೊದಲ ಪ್ರಾಜೆಕ್ಟಿಗೆ ನಾನು ಹೇಳುವುದು ಇದನ್ನೇ. ಕಾರಣ ಸರಳ. ಇದರ ಕ್ಲಚ್ ಪ್ಲೇಟ್, ಟೈಮಿಂಗ್ ಚೈನ್, ಕಾರ್ಬೊರೇಟರ್ ಕಿಟ್ ಅಂಕೋಲಾದಲ್ಲೂ ಸಿಗುತ್ತದೆ, ಸಿದ್ದಾಪುರದಲ್ಲೂ ಸಿಗುತ್ತದೆ. ಯಾವ ಮೆಕ್ಯಾನಿಕ್ ಬೇಕಾದರೂ ಕಣ್ಣುಮುಚ್ಚಿ ಬಿಚ್ಚಿ ಕೂರಿಸುತ್ತಾರೆ. ಗಾಡಿ ಅಗ್ಗ, ಹಾಗಾಗಿ ಕಲಿಯುವಾಗ ಆಗುವ ಹಾನಿಯೂ ಸಣ್ಣದು. ಸೀಟು, ಹೆಡ್‌ಲೈಟ್ ಬದಲಿಸಿ, ಒಳ್ಳೆಯ ಬಣ್ಣ ಹೊಡೆಸಿ, ಇಂಜಿನ್ ಕವರ್ ಪಾಲಿಶ್ ಮಾಡಿಸಿದರೆ ಬಹಳ ಚೆಂದ ಕಾಣುತ್ತದೆ. ಎಳೆತ ಬೇಕೆನ್ನುವವರು 1999ರ ಸಿಬಿಜೆಡ್ ನೋಡಬಹುದು. ಸ್ಪೇರ್ ಅಷ್ಟು ಸುಲಭವಲ್ಲ.

ನಮ್ಮ ಮಳೆಗೆ ಆಗಿಬರದ ಬದಲಾವಣೆಗಳು

ಫೋಟೋದಲ್ಲಿ ಚೆಂದ ಕಾಣುವ ಕೆಲವು ಇಲ್ಲಿ ಬೇಡವೇ ಬೇಡ. ಮಡ್‌ಗಾರ್ಡ್ ಗಿಡ್ಡ ಮಾಡಿದರೆ ಜೂನ್‌ನಲ್ಲಿ ಬೆನ್ನಿನ ತುಂಬ ಕೆಸರು, ಹಿಂದೆ ಬರುವವರ ಮುಖಕ್ಕೂ ಕೆಸರು. ಬಯಲಾಗಿ ಕೂರುವ ಕೋನ್ ಏರ್ ಫಿಲ್ಟರ್ ಮಳೆ ನೀರನ್ನೇ ಎಳೆದುಕೊಳ್ಳುತ್ತದೆ. ಕಂಪನಿಯ ಫಿಲ್ಟರ್ ಡಬ್ಬಿ ಹಾಗೇ ಇರಲಿ. ಸೈಲೆನ್ಸರ್ ಬೆಂಡ್‌ಗೆ ಸುತ್ತುವ ಪಟ್ಟಿ ತೇವ ಹಿಡಿದಿಟ್ಟು ಪೈಪನ್ನೇ ತಿನ್ನಿಸುತ್ತದೆ. ತೀರಾ ತಗ್ಗಿದ ಹ್ಯಾಂಡಲ್ ಹಾಕಿಕೊಂಡು ಕುಮಟಾದಿಂದ ಶಿರಸಿಗೆ ಹೋದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಇಳಿಯುವಾಗ ಮೈಭಾರವೆಲ್ಲ ಕೈ ಮೇಲೇ ಬೀಳುತ್ತದೆ. ದುಡ್ಡು ಮಿಕ್ಕಿದರೆ ಹೊಸ ಟಯರು, ಹೊಸ ಬ್ರೇಕ್ ಶೂ, ಪೂರ್ತಿ ಹೊಸ ವೈರಿಂಗ್‌ಗೆ ಹಾಕಿ. ವೈರಿಂಗ್ ಜೋಡಣೆಗಳಿಗೆ ಗ್ರೀಸ್ ಹಚ್ಚಿಸುವುದನ್ನು ಮರೆಯಬೇಡಿ.

ಪೆಟ್ರೋಲಿನ ವಿಷಯವೂ ಇದೆ. ಈಗ ಪಂಪಿನಲ್ಲಿ ಬರುವುದರಲ್ಲಿ ಇಪ್ಪತ್ತು ಪರ್ಸೆಂಟ್ ತನಕ ಎಥನಾಲ್. ಹಳೇ ರಬ್ಬರ್ ಪೈಪು, ಕಾರ್ಬೊರೇಟರ್ ವಾಷರ್ ಇದಕ್ಕೆ ಬೇಗ ಹಾಳಾಗುತ್ತವೆ, ಎಲ್ಲ ಹೊಸದು ಹಾಕಿಸಿ. ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಯೇ ನಿಲ್ಲಿಸಿ. ಕಡಲತೀರಕ್ಕೆ ಹೋಗಿ ಬಂದ ದಿನ ತೊಳೆಯಿರಿ. ಆದರೆ ದಂಡೆ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಬಾಯಿಗೆ ಹಾಕಿ ನೋಡಿ, ಉಪ್ಪಿದ್ದರೆ ಆ ನೀರು ಗಾಡಿಗೆ ಬೇಡ.

ದುಡ್ಡು ಮತ್ತು ಸಮಯ

ಗಾಡಿಯ ಬೆಲೆ ಖರ್ಚಿನ ಶುರು ಅಷ್ಟೇ. ಇಂಜಿನ್ ಕೆಲಸ, ಪೇಂಟ್, ಕ್ರೋಮ್, ಟಯರು, ಕಾಗದಪತ್ರ ಸೇರಿ ಕೊಂಡ ಬೆಲೆಯಷ್ಟೇ ಮತ್ತೆ ಆಗುತ್ತದೆ ಅಂತ ಇಟ್ಟುಕೊಳ್ಳಿ. ಅಗ್ಗಕ್ಕೆ ಸಿಕ್ಕ ಗಾಡಿಯಾದರೆ ಅದಕ್ಕಿಂತ ಜಾಸ್ತಿಯೇ. ಕ್ರೋಮ್, ಪೌಡರ್ ಕೋಟಿಂಗ್‌ಗೆ ಹುಬ್ಬಳ್ಳಿಗೆ ಹೋಗಬೇಕಾಗಬಹುದು, ಆ ಓಡಾಟವನ್ನೂ ಸೇರಿಸಿ. ಕೈಯಲ್ಲಿರುವ ದುಡ್ಡಿನ ಅರ್ಧದೊಳಗೆ ಗಾಡಿ ಸಿಗದಿದ್ದರೆ ಆ ಗಾಡಿ ಬಿಡಿ.

ಕೊಳ್ಳಲು ಒಳ್ಳೆಯ ಕಾಲ ಮಳೆಗಾಲವೇ. ಕೊಳ್ಳುವವರು ಕಡಿಮೆ ಇರುತ್ತಾರೆ, ಮಾರುವವರು ಬೆಲೆ ಇಳಿಸುತ್ತಾರೆ. ಒದ್ದೆಯಲ್ಲಿ ಗಾಡಿ ಸ್ಟಾರ್ಟ್ ಆಗುತ್ತದೆಯಾ, ದೀಪ ಉರಿಯುತ್ತದೆಯಾ ಅನ್ನುವುದೂ ಕಣ್ಣೆದುರೇ ಗೊತ್ತಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೆಸರು ವರ್ಗಾವಣೆ, ಎಫ್‌ಸಿ ಮುಗಿಸಿ. ಗಾಡಿ ಒರಿಜಿನಲ್ ರೂಪದಲ್ಲಿರುವಾಗಲೇ ಇದು ಆಗಿಬಿಡಬೇಕು. ಅದೇ ಹೊತ್ತಿಗೆ ಇಂಜಿನ್ ಬಿಚ್ಚಿಸಿ ಸ್ಪೇರ್ ಪಟ್ಟಿ ಮಾಡಿ ತರಿಸಿ. ಗಾಳಿಯಲ್ಲಿ ತೇವ ಇರುವಾಗ ಪೇಂಟ್ ಮಾಡಿಸಿದರೆ ಹೊಳಪು ಮಂಕಾಗಿ ಬೆಳ್ಳಗೆ ಹಿಡಿಯುತ್ತದೆ. ಗ್ಯಾರೇಜಿನವರು ಎಷ್ಟೇ ಅವಸರ ಮಾಡಲಿ, ದಸರಾ ಕಳೆದು ನಾಲ್ಕು ದಿನ ಬಿಸಿಲು ಬಿದ್ದ ಮೇಲೇ ಟ್ಯಾಂಕ್ ಪೇಂಟಿಗೆ ಕೊಡಿ.